ಎದುರು ಗಾಳಿಗೆ ಹಾಯಿ ಕಟ್ಟಿ: ನನ್ನ ಅನುಭವ

ನಾನು ಫಿಸಿಕ್ಸ್ ಪ್ರೊಫೆಸರ್. ರಜೆ ಸಿಕ್ಕಿತೆಂದರೆ ಹಾಯಿದೋಣಿಯಲ್ಲಿರುತ್ತೇನೆ. ರೇಸಿಗಲ್ಲ, ಸುಮ್ನೆ ಖುಷಿಗೆ. ನನ್ನದು ಇಬ್ಬರು ಕೂರುವ ಡಿಂಗಿ, ಅಂದರೆ ಪುಟ್ಟ ತೆರೆದ ದೋಣಿ. ಒಂದು ದೊಡ್ಡ ಹಾಯಿ, ಅದರ ಮುಂದೆ ಜಿಬ್ ಅನ್ನುವ ಚಿಕ್ಕ ಹಾಯಿ. ಎಂಜಿನ್ ಇಲ್ಲ. ಅದಕ್ಕೇ, ನನ್ನ ಜೊತೆ ದೋಣಿ ಹತ್ತುವ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಗಾಳಿಗೆ ಎದುರಾಗಿ ಹೋಗುವುದನ್ನೇ. ಗಾಳಿ ಬೆನ್ನಿಗಿದ್ದರೆ ದೋಣಿ ಹೇಗೋ ದೂರ ಹೋಗಿಬಿಡುತ್ತದೆ. ವಾಪಸ್ ಬರಬೇಕಲ್ವಾ?

“ದಡ ಇರೋ ಕಡೆಯಿಂದಲೇ ಗಾಳಿ ಬರ್ತಿದೆಯಲ್ಲ ಸರ್, ಹೋಗೋದು ಹೇಗೆ?” ಎಂದು ಎಲ್ಲರೂ ಕೇಳುತ್ತಾರೆ. ನೇರವಾಗಿ ಹೋಗಲು ಆಗುವುದಿಲ್ಲ. ಗಾಳಿ ಬರುವ ದಿಕ್ಕಿನಿಂದ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಹುದು. ಸ್ವಲ್ಪ ದೂರ ಹೋಗಿ, ದೋಣಿಯ ಮೂತಿಯನ್ನು ಗಾಳಿಗೆ ಅಡ್ಡ ದಾಟಿಸಿ, ಇನ್ನೊಂದು ಕಡೆಗೆ ಅಷ್ಟೇ ಓರೆಯಾಗಿ ಹೋಗಬೇಕು. ಇದೇ ಟ್ಯಾಕ್ ಮಾಡುವುದು. ಬಾಗಿದ ಹಾಯಿ ಗಾಳಿಯ ದಾರಿಯನ್ನು ತಿರುಗಿಸುತ್ತದೆ, ಅದಕ್ಕೆ ಪ್ರತಿಯಾಗಿ ಗಾಳಿ ಹಾಯಿಯನ್ನು ತಳ್ಳುತ್ತದೆ. ಆ ಬಲದಲ್ಲಿ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೇ ತಳ್ಳುವಂಥದ್ದು. ದೋಣಿಯ ನಡುವಿನಿಂದ ನೀರಿನೊಳಗೆ ಇಳಿಬಿಟ್ಟ ಸೆಂಟರ್‌ಬೋರ್ಡ್ ಎಂಬ ಹಲಗೆ ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಉಳಿಯುವುದು ಮುಂದಕ್ಕೆ ಒಯ್ಯುವ ಬಲ. ಬೋರ್ಡ್ ಅರ್ಧ ಮೇಲೆತ್ತಿ ತೋರಿಸುತ್ತೇನೆ. ದೋಣಿ ಏಡಿಯ ಹಾಗೆ ಪಕ್ಕಕ್ಕೆ ಸರಿಯಲು ಶುರು ಮಾಡುತ್ತದೆ. ಆಮೇಲೆ ಯಾರೂ ಬೋರ್ಡ್ ಇಳಿಸಲು ಮರೆಯುವುದಿಲ್ಲ.

ಜಿಬ್‌ನ ಮುಂದಿನ ಅಂಚಿನ ಹತ್ತಿರ, ಎರಡೂ ಮೈಗೆ ಒಂದೊಂದು ಉಣ್ಣೆ ದಾರದ ತುಂಡು ಅಂಟಿಸಿದ್ದೇನೆ. ಎದುರು ಗಾಳಿಯಲ್ಲಿ ನನ್ನ ಕಣ್ಣು ಜಾಸ್ತಿ ಹೊತ್ತು ಇರುವುದು ಇವುಗಳ ಮೇಲೆ. ಎರಡೂ ಹಿಂದಕ್ಕೆ ನೆಟ್ಟಗೆ ಹಾರುತ್ತಿದ್ದರೆ ಸರಿಯಾಗಿದೆ. ಗಾಳಿ ಬರುವ ಕಡೆಯ ದಾರ ಕುಣಿದರೆ ನಾನು ಗಾಳಿಯ ಕಡೆಗೆ ಅತಿಯಾಗಿ ತಿರುಗಿದ್ದೇನೆ, ಸ್ವಲ್ಪ ಗಾಳಿಯಿಂದ ಆಚೆಗೆ ತಿರುಗಬೇಕು. ಆಚೆ ಬದಿಯ ದಾರ ಜೋತುಬಿದ್ದರೆ ಇನ್ನಷ್ಟು ಗಾಳಿಯ ಕಡೆಗೆ ಹೋಗಲು ಜಾಗವಿದೆ. ಹಾಯಿಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ಕ್ಲಾಸಿನ ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಚಿತ್ರ ಬರೆದಿದ್ದೇನೆ. ಅದನ್ನೇ ಈ ಎರಡು ದಾರಗಳು ಕ್ಷಣಕ್ಷಣಕ್ಕೂ ತೋರಿಸುತ್ತವೆ. ಇದನ್ನು ನೋಡುವುದು ನನಗೆ ಇನ್ನೂ ಹಳತಾಗಿಲ್ಲ.

ದಾರದಿಂದ ಕಣ್ಣು ತೆಗೆದರೆ ನೀರು ನೋಡುತ್ತೇನೆ. ಗಾಳಿ ಬರುವ ಕಡೆ ನೀರು ಒಂದು ಪಟ್ಟೆಯಾಗಿ ಕಪ್ಪಾಯಿತೆಂದರೆ ಜೋರು ಗಾಳಿಯೊಂದು ಬರುತ್ತಿದೆ ಎಂದರ್ಥ. ಅಲ್ಲಿ ಎದ್ದ ಪುಟ್ಟ ಅಲೆಗಳಿಂದಾಗಿ ಆಕಾಶದ ಬೆಳಕು ನಮ್ಮ ಕಣ್ಣಿಗೆ ಕಡಿಮೆ ಬರುತ್ತದೆ, ಅದಕ್ಕೇ ಕಪ್ಪು. ಆ ಗಾಳಿ ತಲುಪುವ ಮೊದಲೇ ದೋಣಿಯ ತಳದಲ್ಲಿರುವ ಬೆಲ್ಟಿನಂಥ ಪಟ್ಟಿಯಲ್ಲಿ ಕಾಲು ಸಿಗಿಸಿ, ಮೈಯನ್ನು ದೋಣಿಯ ಹೊರಗೆ ಚಾಚುತ್ತೇನೆ. ಗಾಳಿ ಬಡಿದಾಗ ದೊಡ್ಡ ಹಾಯಿಯ ಹಗ್ಗವನ್ನು ಒಂದು ಗೇಣು ಸಡಿಲ ಬಿಡುತ್ತೇನೆ. ದೋಣಿ ನೆಟ್ಟಗಾಗಿ ವೇಗ ಹಿಡಿದ ಕೂಡಲೇ ಮತ್ತೆ ಎಳೆಯುತ್ತೇನೆ. ಜೋರು ಗಾಳಿಗೆ ಇನ್ನೊಂದು ಗುಣವಿದೆ. ನಮ್ಮ ಮುಖಕ್ಕೆ ತಾಗುವ ಗಾಳಿಯಲ್ಲಿ ದೋಣಿಯ ಓಟದಿಂದ ಹುಟ್ಟಿದ ಪಾಲೂ ಇರುತ್ತದೆ. ಗಾಳಿ ಹಠಾತ್ತನೆ ಹೆಚ್ಚಿದಾಗ ದೋಣಿಯ ವೇಗ ಇನ್ನೂ ಹೆಚ್ಚಿರುವುದಿಲ್ಲ. ಹಾಗಾಗಿ ತಾಗುವ ಗಾಳಿ ಸ್ವಲ್ಪ ಹಿಂದಿನಿಂದ ಬಂದ ಹಾಗಾಗುತ್ತದೆ. ಆ ಕ್ಷಣದಲ್ಲಿ ಗಾಳಿಯ ಕಡೆಗೆ ಕೆಲವು ಡಿಗ್ರಿ ಹೆಚ್ಚು ತಿರುಗಬಹುದು. ದಡಕ್ಕೆ ಅಷ್ಟು ಹತ್ತಿರವಾದ ಹಾಗೆ!

ಹಾಯಿದೋಣಿ ಮತ್ತು ಪ್ರೊಫೆಸರ್ ಎಂದ ಕೂಡಲೇ ಐನ್‌ಸ್ಟೀನ್ ಹೆಸರು ಬರುತ್ತದೆ. 1929ರಲ್ಲಿ 50ನೇ ಹುಟ್ಟುಹಬ್ಬಕ್ಕೆ ಗೆಳೆಯರು ಅವರಿಗೆ ಒಂದು ಹಾಯಿದೋಣಿ ಕೊಟ್ಟಿದ್ದರು. ಅವರಿಗೆ ಅದರ ಮೇಲೆ ಬಹಳ ಪ್ರೀತಿ. 1933ರಲ್ಲಿ ನಾಜಿಗಳು ಅದನ್ನು ಕಿತ್ತುಕೊಂಡರು. ಐನ್‌ಸ್ಟೀನ್‌ಗೆ ಈಜು ಬರುತ್ತಿರಲಿಲ್ಲ. ಆ ಮಟ್ಟಿಗೆ ಮಾತ್ರ ಅವರು ನಮಗೆ ಮಾದರಿಯಲ್ಲ. ನನ್ನ ದೋಣಿಯಲ್ಲಿ ಲೈಫ್ ಜಾಕೆಟ್ ಹಾಕದವರಿಗೆ ಜಾಗವಿಲ್ಲ, ಎಷ್ಟೇ ಚೆನ್ನಾಗಿ ಈಜಲಿ.

ಹೊರಡಬೇಕೋ ಬೇಡವೋ ಎಂದು ದಡದಲ್ಲೇ ತೀರ್ಮಾನಿಸುತ್ತೇನೆ. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದದ್ದು 14 ಆದರೆ ಹಾಯಿಯ ಮೇಲಿನ ಬಲ ಹೆಚ್ಚುಕಡಿಮೆ ಎರಡು ಪಟ್ಟು. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಪೂರ್ತಿ ಹಾಯಿ. ಎಲ್ಲಿ ನೋಡಿದರೂ ನೊರೆಯೇ ಕಂಡರೆ ರೀಫ್ ಮಾಡುತ್ತೇನೆ, ಅಂದರೆ ದೊಡ್ಡ ಹಾಯಿಯ ಕೆಳಭಾಗ ಮಡಚಿ, ಅದರ ಬುಡದಲ್ಲಿರುವ ಬೂಮ್ ಎಂಬ ಅಡ್ಡ ಕಂಬಕ್ಕೆ ಕಟ್ಟುತ್ತೇನೆ. ದಡದಲ್ಲಾದರೆ ಈ ಕೆಲಸ ಬೇಗ ಮುಗಿಯುತ್ತದೆ. ದೋಣಿ ಅಲೆಯ ಮೇಲೆ ಕುಣಿಯುವಾಗ ಇದೇ ಕೆಲಸಕ್ಕೆ ಕೈ ಸಾಲುವುದಿಲ್ಲ. ಹಾಯಿ ಚಿಕ್ಕದಾದರೆ ವೇಗ ಹೋಗುತ್ತದೆ ಎಂದು ಹುಡುಗರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಅಂಥ ಗಾಳಿಯಲ್ಲಿ ಪೂರ್ತಿ ಹಾಯಿ ಹೊತ್ತು ವಾಲಿದ ದೋಣಿ ಪಕ್ಕಕ್ಕೇ ಜಾರುತ್ತಿರುತ್ತದೆ. ರೀಫ್ ಮಾಡಿದ್ದು ನೆಟ್ಟಗೆ ನಿಂತು ಗಾಳಿಯ ಕಡೆಗೆ ಹತ್ತುತ್ತದೆ.