ನಾಯಿಯ ಕಣ್ಣಿನ ಮಸೂರ ಜಾರುವ ಆನುವಂಶಿಕ ರೋಗ: ಗುರುತಿಸುವುದು ಹೇಗೆ, ಮಾಡಬೇಕಾದದ್ದೇನು

ಕಣ್ಣಿನ ಮಸೂರವನ್ನು ಅದರ ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಅತಿ ಸೂಕ್ಷ್ಮ ಎಳೆಗಳು. ಜ್ಯಾಕ್ ರಸೆಲ್ ಟೆರಿಯರ್, ಮಿನಿಯೇಚರ್ ಬುಲ್ ಟೆರಿಯರ್, ಟಿಬೆಟನ್ ಟೆರಿಯರ್, ಲ್ಯಾಂಕಾಶೈರ್ ಹೀಲರ್, ಚೈನೀಸ್ ಕ್ರೆಸ್ಟೆಡ್ ಮುಂತಾದ ತಳಿಗಳ ಕೆಲವು ನಾಯಿಗಳಲ್ಲಿ ಈ ಎಳೆಗಳು ವಂಶವಾಹಿಯ ದೋಷದಿಂದ ಕ್ರಮೇಣ ಹರಿಯುತ್ತವೆ. ಸಾಮಾನ್ಯವಾಗಿ 3ರಿಂದ 8 ವರ್ಷದೊಳಗೆ ಮಸೂರ ಜಾರುತ್ತದೆ. ಅದು ಪಾಪೆಯನ್ನು ದಾಟಿ ಮುಂದಕ್ಕೆ ಬಂದರೆ ಕಣ್ಣೊಳಗಿನ ದ್ರವದ ಹರಿವಿಗೆ ತಡೆಯಾಗಿ ಒತ್ತಡ ಏರುತ್ತದೆ, ಒಂದೆರಡು ದಿನಗಳಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಆದ್ದರಿಂದ ಕಣ್ಣು ಕೆಂಪಾಗುವವರೆಗೆ ಕಾಯದೆ, ನಾಯಿ ಆರೋಗ್ಯವಾಗಿರುವಾಗಲೇ ಆಗಾಗ ಕಣ್ಣನ್ನು ನೋಡುವ ರೂಢಿ ಇಟ್ಟುಕೊಳ್ಳಿ. ಮಂದ ಬೆಳಕಿನಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದು, ನಾಯಿ ತಲೆ ಹೊರಳಿಸಿದಾಗ ಪಾಪೆಯ ಸುತ್ತಲಿನ ಬಣ್ಣದ ಪೊರೆ ಅಲುಗಾಡುತ್ತದೆಯೇ, ಪಾಪೆಯ ಅಂಚಿನಲ್ಲಿ ಚಂದ್ರಕಲೆಯಂತಹ ಹೊಳಪಿನ ಪಟ್ಟಿ ಕಾಣುತ್ತದೆಯೇ ಎಂದು ಗಮನಿಸಿ. ಇವು ಕಾಣದಿದ್ದ ಮಾತ್ರಕ್ಕೆ ಕಣ್ಣು ಸರಿಯಿದೆ ಎಂದುಕೊಳ್ಳುವಂತಿಲ್ಲ. ಎಳೆಗಳ ಮೊದಲ ಹಂತದ ಸಡಿಲಿಕೆ ನೇತ್ರತಜ್ಞ ಪಶುವೈದ್ಯರ ಉಪಕರಣಕ್ಕಷ್ಟೇ ಸಿಗುತ್ತದೆ.

ಕಣ್ಣು ಕೆಂಪೇರುವುದು, ನೀರು ಸುರಿಯುವುದು, ಕಣ್ಣು ಕಿರಿದುಮಾಡಿಕೊಳ್ಳುವುದು, ಮೇಲ್ಪದರ ನೀಲಿಯಾಗಿ ಮಬ್ಬಾಗುವುದು ಇವುಗಳಲ್ಲಿ ಯಾವುದು ಕಂಡರೂ, ವಿಶೇಷವಾಗಿ ಈ ತಳಿಗಳಲ್ಲಿ, ಅದೇ ದಿನ ವೈದ್ಯರ ಬಳಿ ಹೋಗಿ ಕಣ್ಣಿನ ಒತ್ತಡವನ್ನು ಅಳೆಯಿಸಿ. ಬರಿಯ ಕಣ್ಣುಬೇನೆಯೆಂದು ಮನೆಯಲ್ಲಿ ಉಳಿದಿದ್ದ ಹನಿಮದ್ದು ಹಾಕುತ್ತ ಕಳೆಯುವ ಎರಡು ದಿನಗಳೇ ಎಷ್ಟೋ ಕಣ್ಣುಗಳನ್ನು ಬಲಿ ತೆಗೆದುಕೊಳ್ಳುತ್ತವೆ. ಗ್ಲಾಕೋಮಾಗೆಂದು, ಅಂದರೆ ಕಣ್ಣಿನ ಒತ್ತಡ ಏರುವ ರೋಗಕ್ಕೆಂದು, ಬಳಸುವ ಲ್ಯಾಟನೊಪ್ರೊಸ್ಟ್ ಎಂಬ ಹನಿಮದ್ದು ಪಾಪೆಯನ್ನು ಕುಗ್ಗಿಸುವುದರಿಂದ, ಮಸೂರ ಮುಂದಕ್ಕೆ ಬಂದಿರುವಾಗ ಅದರಿಂದ ಒತ್ತಡ ಇನ್ನೂ ಹೆಚ್ಚುವ ಅಪಾಯವಿದೆ. ದಾರಿಯಲ್ಲಿ ಕಣ್ಣನ್ನು ಒತ್ತಬೇಡಿ. ಕುತ್ತಿಗೆಪಟ್ಟಿಯ ಎಳೆತವೂ ಕಣ್ಣಿನ ಒತ್ತಡವನ್ನು ಏರಿಸುವುದರಿಂದ ಎದೆಗೆ ಕಟ್ಟುವ ಹಾರ್ನೆಸ್ ಬಳಸಿ.

ದೃಷ್ಟಿ ಉಳಿಯುವ ಸಾಧ್ಯತೆಯಿದ್ದರೆ ಶಸ್ತ್ರಚಿಕಿತ್ಸೆಯಿಂದ ಮಸೂರವನ್ನು ತೆಗೆಯುತ್ತಾರೆ. ಹತ್ತಿರದ ವಸ್ತುಗಳು ಮಸುಕಾದರೂ ಮಸೂರವಿಲ್ಲದೆಯೇ ನಾಯಿ ಓಡಾಡಿಕೊಂಡಿರಬಲ್ಲದು. ಕೆಲವು ಸಂದರ್ಭಗಳಲ್ಲಿ ತಜ್ಞರು ಮಸೂರವನ್ನು ಹಿಂದಕ್ಕೆ ಸರಿಸಿ, ಬಳಿಕ ಅದು ಮತ್ತೆ ಮುಂದಕ್ಕೆ ಬಾರದಂತೆ ಪಾಪೆಯನ್ನು ಕಿರಿದಾಗಿಡುವ ಹನಿಗಳನ್ನು ನಿತ್ಯವೂ ಹಾಕಲು ಹೇಳುತ್ತಾರೆ. ದೃಷ್ಟಿ ಪೂರ್ತಿ ಹೋಗಿ ನೋವು ಮಾತ್ರ ಉಳಿದ ಕಣ್ಣನ್ನು ತೆಗೆಸುವುದೇ ನಾಯಿಗೆ ನಾವು ತೋರಬಹುದಾದ ಕರುಣೆ. ಸಾಮಾನ್ಯವಾಗಿ ಇನ್ನೊಂದು ಕಣ್ಣೂ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇದೇ ಹಾದಿ ಹಿಡಿಯುವುದರಿಂದ ಅದರ ತಪಾಸಣೆಯನ್ನು ಕೈಬಿಡಬೇಡಿ.

ಅನೇಕ ತಳಿಗಳಲ್ಲಿ ಈ ರೋಗಕ್ಕೆ ಕಾರಣವಾದ ಎಡಿಎಎಮ್‌ಟಿಎಸ್17 ವಂಶವಾಹಿಯ ದೋಷ 2010ರಲ್ಲಿ ಪತ್ತೆಯಾಯಿತು. ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಯಿಂದ ಅದನ್ನು ಪರೀಕ್ಷಿಸಬಹುದು. ದೋಷದ ಎರಡು ಪ್ರತಿಗಳಿರುವ ನಾಯಿಗೆ ಅಪಾಯ ಅತಿ ಹೆಚ್ಚು. ಒಂದೇ ಪ್ರತಿಯಿರುವ ವಾಹಕ ನಾಯಿಗಳಲ್ಲೂ ಕೆಲವಕ್ಕೆ ರೋಗ ಬರುವುದುಂಟು. ವಾಹಕವನ್ನು ದೋಷವಿಲ್ಲದ ನಾಯಿಯೊಂದಿಗೆ ಮಾತ್ರ ಕೂಡಿಸಬೇಕು. ನಿಮ್ಮ ನಾಯಿಯಲ್ಲಿ ರೋಗ ಖಚಿತವಾದರೆ ಅದರ ಒಡಹುಟ್ಟಿದ ಮರಿಗಳನ್ನು ಸಾಕುತ್ತಿರುವವರಿಗೆ ತಪ್ಪದೆ ತಿಳಿಸಿ. ಆ ನಾಯಿಗಳ ಮಸೂರ ಇನ್ನೂ ಜಾರಿರಲಿಕ್ಕಿಲ್ಲ.