ಯುಎಸ್ ಓಪನ್ ಪೂಲ್ ನೋಡಲು ಹೋಗುವಿರಾದರೆ ಮೊದಲೆರಡು ದಿನಗಳಲ್ಲೇ ಹೋಗಿ

ಟೇಬಲ್ ಮೇಲೆ ಕೋಲಿನಿಂದ ಚೆಂಡು ಹೊಡೆದು ಪಾಕೆಟ್‌ಗೆ ಹಾಕುವ ಪೂಲ್ ಆಟವನ್ನು ಮೊಬೈಲ್‌ನಲ್ಲಿ ನೋಡಿ ರೂಢಿಯಾದವರಿಗೆ ಗೊತ್ತಿರುವುದು ಒಂದೇ ಟೇಬಲ್. ಕ್ಯಾಮೆರಾ ತೋರಿಸಿದಷ್ಟೇ ಆಟ. ವೃತ್ತಿಪರ ಪಂದ್ಯಾವಳಿಗೆ ಖುದ್ದಾಗಿ ಹೋದರೆ ನೋಟವೇ ಬೇರೆ. ಒಂದೇ ಹಾಲ್‌ನಲ್ಲಿ ಸಾಲು ಸಾಲು ಟೇಬಲ್‌ಗಳು, ಎಲ್ಲ ಕಡೆಯೂ ಏಕಕಾಲಕ್ಕೆ ಪಂದ್ಯ. ವಿಶ್ವ ಚಾಂಪಿಯನ್ ಒಬ್ಬ ನಿಮ್ಮ ಕುರ್ಚಿಯಿಂದ ಹತ್ತು ಅಡಿ ದೂರದಲ್ಲಿ ಕ್ಯೂ ಕೋಲಿನ ತುದಿಗೆ ಚಾಕ್ ಹಚ್ಚುತ್ತಾ ನಿಂತಿರುತ್ತಾನೆ. ಕ್ರಿಕೆಟ್‌ನಲ್ಲಿ ಆ ಮಟ್ಟದ ಆಟಗಾರನನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಸಾಮಾನ್ಯ ಟಿಕೆಟ್ ಕೊಂಡವರಿಗೆ ಎಲ್ಲಿದೆ?

ಪೂಲ್‌ನಲ್ಲಿ ನೋಡಲೇಬೇಕಾದ ಪಂದ್ಯಾವಳಿ ಎಂದರೆ ಅಮೆರಿಕದ ಯುಎಸ್ ಓಪನ್. 1976ರಲ್ಲಿ ವರ್ಜೀನಿಯಾದ ನಾರ್‌ಫೋಕ್‌ನಲ್ಲಿ ಬ್ಯಾರಿ ಬೆಹ್ರಮನ್ ಎಂಬ ಪೂಲ್ ಹಾಲ್ ಮಾಲೀಕರು ಇದನ್ನು ಶುರು ಮಾಡಿದರು. ಮೊದಲ ವರ್ಷ ಗೆದ್ದವರು ಮೈಕ್ ಸೀಗೆಲ್. 1994ರಲ್ಲಿ ಫಿಲಿಪೀನ್ಸ್‌ನ ಎಫ್ರೆನ್ ರೇಯಸ್ ಗೆಲ್ಲುವವರೆಗೂ ಅಮೆರಿಕದವರಲ್ಲದೆ ಬೇರೆ ಯಾರೂ ಇದನ್ನು ಗೆದ್ದಿರಲಿಲ್ಲ. ಬೆಹ್ರಮನ್ ತೀರಿಕೊಂಡ ಮೇಲೆ ಪಂದ್ಯಾವಳಿ ಬ್ರಿಟನ್ನಿನ ಮ್ಯಾಚ್‌ರೂಮ್ ಸಂಸ್ಥೆಯ ಕೈಗೆ ಬಂತು. 2021ರಿಂದ ಇದು ನಡೆಯುತ್ತಿರುವುದು ನ್ಯೂಜೆರ್ಸಿಯ ಕಡಲ ತೀರದ ಊರು ಅಟ್ಲಾಂಟಿಕ್ ಸಿಟಿಯಲ್ಲಿ, ಹ್ಯಾರಾಸ್ ರೆಸಾರ್ಟ್‌ನಲ್ಲಿ. ನ್ಯೂಜೆರ್ಸಿ, ಫಿಲಡೆಲ್ಫಿಯಾ ಕಡೆ ಇರುವ ಕನ್ನಡಿಗರಿಗೆ ಇದು ಬೆಳಗ್ಗೆ ಹೊರಟು ರಾತ್ರಿ ಮನೆಗೆ ಮರಳಬಹುದಾದಷ್ಟು ಹತ್ತಿರ.

ಮೊದಲು ದಿನ ಆರಿಸಿ, ಆಮೇಲೆ ಟಿಕೆಟ್

ಇತ್ತೀಚಿನ ವರ್ಷಗಳಲ್ಲಿ ಪಂದ್ಯಾವಳಿ ಸೋಮವಾರ ಶುರುವಾಗಿ ಶನಿವಾರ ಮುಗಿಯುವ ಪದ್ಧತಿ ಇದೆ. ತಿಂಗಳು ಮಾತ್ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಿಂದೆ ಮುಂದೆ ಆಗಿದೆ. ಹಾಗಾಗಿ ದಿನಾಂಕ ಖಚಿತವಾಗುವವರೆಗೆ ರಜೆ ಹಾಕಬೇಡಿ.

ಹೆಚ್ಚಿನವರು ಶನಿವಾರದ ಫೈನಲ್‌ಗೇ ಟಿಕೆಟ್ ತೆಗೆದುಕೊಳ್ಳುತ್ತಾರೆ. ಒಂದೇ ದಿನ ಹೋಗಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಸೋಮವಾರ ಅಥವಾ ಮಂಗಳವಾರ. ಕಾರಣ ಇಷ್ಟೇ. ಇದು 256 ಆಟಗಾರರಿಂದ ಶುರುವಾಗುವ ಪಂದ್ಯಾವಳಿ. ಮೊದಲ ಸುತ್ತುಗಳಲ್ಲಿ ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶ ಇರುತ್ತದೆ, ಎರಡನೇ ಸಲ ಸೋತರೆ ಮನೆಗೆ. ಕೊನೆಯ ಹಂತಕ್ಕೆ ಬಂದಾಗ ಒಂದು ಸೋಲಿಗೇ ಆಟ ಮುಗಿಯುತ್ತದೆ. ಅಂದರೆ ವಾರದ ಆರಂಭದಲ್ಲಿ ದೊಡ್ಡ ಹೆಸರುಗಳೆಲ್ಲ ಒಂದೇ ಸೂರಿನಡಿ, ಒಂದೇ ಹೊತ್ತಿನಲ್ಲಿ ಆಡುತ್ತಿರುತ್ತವೆ. ಒಂದು ಟೇಬಲ್‌ನಲ್ಲಿ ತೈವಾನ್‌ನವನು, ಪಕ್ಕದಲ್ಲಿ ಜರ್ಮನಿಯವನು, ಆಚೆ ಟೇಬಲ್‌ನಲ್ಲಿ ಊರಿನ ಪೂಲ್ ಹಾಲ್‌ನಿಂದ ಪ್ರವೇಶಧನ ಕಟ್ಟಿ ಬಂದ ಹವ್ಯಾಸಿ ಆಟಗಾರ. ಆ ಹವ್ಯಾಸಿ ಒಬ್ಬ ಚಾಂಪಿಯನ್ ವಿರುದ್ಧ 8-8ಕ್ಕೆ ಬಂದು ನಿಂತರೆ ಹಾಲ್‌ನ ಅರ್ಧ ಜನ ಆ ಟೇಬಲ್ ಕಡೆ ಸರಿಯುತ್ತಾರೆ. ಫೈನಲ್ ದಿನ ಇದು ಸಿಗುವುದಿಲ್ಲ. ಆ ದಿನ ಇರುವುದು ಒಂದೇ ಟೇಬಲ್, ಅದರ ಸುತ್ತ ಕತ್ತಲೆ ಮತ್ತು ಕ್ಯಾಮೆರಾಗಳು.

ಎರಡು ದಿನ ಬಿಡುವಿದ್ದರೆ ಮಂಗಳವಾರ ಒಂದು, ಶನಿವಾರ ಒಂದು. ಟಿಕೆಟ್ ಮ್ಯಾಚ್‌ರೂಮ್‌ನ ಅಧಿಕೃತ ಜಾಲತಾಣದ ಮೂಲಕವೇ ಕೊಳ್ಳಿ. ಕೊಳ್ಳುವ ಮುನ್ನ ಎರಡು ಸಾಲು ಗಮನವಿಟ್ಟು ಓದಿ: ಟಿಕೆಟ್ ಎಲ್ಲ ಟೇಬಲ್‌ಗಳಿಗೂ ಸಲ್ಲುತ್ತದೆಯೋ ಮುಖ್ಯ ಟೇಬಲ್‌ಗೆ ಮಾತ್ರವೋ ಎಂಬುದು ಒಂದು, ಮಕ್ಕಳನ್ನು ಬಿಡುತ್ತಾರೋ ಇಲ್ಲವೋ ಎಂಬುದು ಇನ್ನೊಂದು. ರೆಸಾರ್ಟ್‌ನಲ್ಲಿ ಕ್ಯಾಸಿನೊ ಇದೆ. ನ್ಯೂಜೆರ್ಸಿಯಲ್ಲಿ 21 ವರ್ಷ ತುಂಬದವರು ಜೂಜಾಟದ ಜಾಗದಲ್ಲಿ ನಿಲ್ಲುವಂತಿಲ್ಲ. ಮಕ್ಕಳ ಜತೆ ಹೋಗುವವರು ಪಂದ್ಯದ ಹಾಲ್‌ಗೆ ಹೋಗುವ ದಾರಿಯನ್ನು ಬಾಗಿಲಲ್ಲೇ ಕೇಳಿಕೊಳ್ಳಿ. ಫೋಟೊ ಇರುವ ಗುರುತಿನ ಚೀಟಿ ಎಲ್ಲರ ಬಳಿಯೂ ಇರಲಿ. ಭಾರತದಿಂದ ಹೋದ ಅಪ್ಪ ಅಮ್ಮಂದಿರಾದರೆ ಪಾಸ್‌ಪೋರ್ಟ್.

ಹೋಗುವ ದಾರಿ

ಕಾರು ಇದ್ದರೆ, ನ್ಯೂಜೆರ್ಸಿಯ ಉತ್ತರ ಭಾಗದಿಂದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ಅಟ್ಲಾಂಟಿಕ್ ಸಿಟಿ ಎಕ್ಸ್‌ಪ್ರೆಸ್‌ವೇಗೆ ಸೇರಿಕೊಳ್ಳಿ. ಕಾರು ಇಲ್ಲದವರಿಗೆ ಫಿಲಡೆಲ್ಫಿಯಾದ 30ನೇ ಸ್ಟ್ರೀಟ್ ನಿಲ್ದಾಣದಿಂದ ಎನ್‌ಜೆ ಟ್ರಾನ್ಸಿಟ್ ರೈಲು ಇದೆ, ಸುಮಾರು ಒಂದೂವರೆ ಗಂಟೆಯ ಪ್ರಯಾಣ. ನ್ಯೂಯಾರ್ಕ್‌ನಿಂದಾದರೆ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣಕ್ಕೆ ಹೋಗಿ. ಒಂದು ವಿಷಯ ನೆನಪಿರಲಿ: ಹ್ಯಾರಾಸ್ ಇರುವುದು ಸಮುದ್ರದ ಪಕ್ಕದ ಪ್ರಸಿದ್ಧ ಬೋರ್ಡ್‌ವಾಕ್ ಮೇಲಲ್ಲ, ಊರಿನ ಇನ್ನೊಂದು ಬದಿಯ ಮರೀನಾ ಪ್ರದೇಶದಲ್ಲಿ. ನಡೆದು ಹೋಗುತ್ತೇವೆ ಎಂದುಕೊಳ್ಳಬೇಡಿ. ಜಿಟ್ನಿ ಎಂಬ ಸಣ್ಣ ವ್ಯಾನ್‌ಗಳು ಓಡಾಡುತ್ತವೆ, ಅದರಲ್ಲಿ ಹೋಗಬಹುದು.

ಒಂದು ಸ್ವೆಟರ್ ಇಟ್ಟುಕೊಳ್ಳಿ. ಆಗಸ್ಟ್‌ನ ಸೆಖೆಯಲ್ಲಿ ಹೊರಟರೂ ಹಾಲ್ ಒಳಗೆ ಎಸಿ ಜೋರಾಗಿರುತ್ತದೆ, ಎಂಟು ಗಂಟೆ ಕುಳಿತರೆ ಬೆನ್ನು ಕೊರೆಯುತ್ತದೆ.

ಹೊರಡುವ ಮುನ್ನ ಹತ್ತು ನಿಮಿಷದ ಪಾಠ

ಇಲ್ಲಿ ಆಡುವುದು ನೈನ್ ಬಾಲ್. ಟೇಬಲ್ ಒಂಬತ್ತು ಅಡಿಯದು. ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಸ್ನೂಕರ್ ನೋಡಿದವರಿಗೆ ಟೇಬಲ್ ಸಣ್ಣದಾಗಿ ಕಾಣುತ್ತದೆ, ಏಕೆಂದರೆ ಸ್ನೂಕರ್ ಟೇಬಲ್ ಹನ್ನೆರಡು ಅಡಿ. ಚೆಂಡು ಮಾತ್ರ ದೊಡ್ಡದು: ಸ್ನೂಕರ್‌ನದು 52.5 ಮಿಲಿಮೀಟರ್, ಪೂಲ್‌ನದು 57. ಅರವಿಂದ ಸವೂರ್ ಅವರ ಗರಡಿಯಲ್ಲಿ ಪಳಗಿದ ನಮ್ಮ ಪಂಕಜ್ ಅಡ್ವಾಣಿ ಗೆದ್ದ ಬಿಲಿಯರ್ಡ್ಸ್, ಸ್ನೂಕರ್ ಪ್ರಶಸ್ತಿಗಳ ಸುದ್ದಿ ಓದಿ ಬೆಳೆದವರು ಪೂಲ್ ಎಂದರೆ ಸುಲಭದ ಆಟ ಎಂದುಕೊಳ್ಳುವುದುಂಟು. ಮೊದಲ ಪಂದ್ಯ ನೋಡುವಷ್ಟರಲ್ಲಿ ಆ ಅಭಿಪ್ರಾಯ ಬದಲಾಗುತ್ತದೆ.

ನಿಯಮ ಹೀಗೆ. ಒಂದರಿಂದ ಒಂಬತ್ತರವರೆಗೆ ನಂಬರ್ ಇರುವ ಚೆಂಡುಗಳು. ಬಿಳಿ ಚೆಂಡು ಪ್ರತಿ ಸಲವೂ ಟೇಬಲ್ ಮೇಲಿರುವ ಅತಿ ಕಡಿಮೆ ನಂಬರಿನ ಚೆಂಡಿಗೆ ಮೊದಲು ತಾಗಬೇಕು. ಹಾಗೆ ತಾಗಿದ ಮೇಲೆ ಯಾವ ನಂಬರಿನ ಚೆಂಡು ಪಾಕೆಟ್‌ಗೆ ಬಿದ್ದರೂ ಸರಿ. ಹಳದಿ ಪಟ್ಟೆಯ 9ನೇ ಚೆಂಡನ್ನು ನಿಯಮದ ಪ್ರಕಾರ ಹಾಕಿದವನಿಗೆ ಆ ಒಂದು ಆಟ, ಅಂದರೆ ಆ ರ್‍ಯಾಕ್. 1ನೇ ಚೆಂಡಿಗೆ ತಾಗಿಸಿ, ಅದು ಹೋಗಿ 9ಕ್ಕೆ ಬಡಿದು, 9 ಒಳಗೆ ಹೋದರೂ ಗೆಲುವೇ. ಮೊದಲ ಸುತ್ತುಗಳಲ್ಲಿ ಸಾಮಾನ್ಯವಾಗಿ 9 ರ್‍ಯಾಕ್ ಗೆದ್ದವನು ಪಂದ್ಯ ಗೆಲ್ಲುತ್ತಾನೆ, ಫೈನಲ್‌ನಲ್ಲಿ 13.

ನಿಯಮ ತಪ್ಪಿ ಫೌಲ್ ಆದರೆ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲೆತ್ತಿ ಬೇಕಾದಲ್ಲಿ ಇಟ್ಟುಕೊಳ್ಳಬಹುದು. ಈ ಮಟ್ಟದಲ್ಲಿ ಅದು ಬಹುಪಾಲು ರ್‍ಯಾಕನ್ನೇ ಬಿಟ್ಟುಕೊಟ್ಟಂತೆ. ಒಬ್ಬನೇ ಸತತವಾಗಿ ಮೂರು ಫೌಲ್ ಮಾಡಿದರೆ ರ್‍ಯಾಕ್ ಹೋಯಿತು. ಬ್ರೇಕ್, ಅಂದರೆ ಜೋಡಿಸಿದ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ, ಆದ ತಕ್ಷಣದ ಹೊಡೆತಕ್ಕೆ ‘ಪುಶ್ ಔಟ್’ ಎಂಬ ವಿಶೇಷ ಅವಕಾಶ ಇದೆ. ಆಟಗಾರ ಅದನ್ನು ಮೊದಲೇ ಹೇಳಿ ಬಿಳಿ ಚೆಂಡನ್ನು ಎಲ್ಲಿಗಾದರೂ ತಳ್ಳಬಹುದು, ಯಾವುದಕ್ಕೂ ತಾಗಬೇಕೆಂದಿಲ್ಲ. ಆ ಜಾಗದಿಂದ ತಾನು ಆಡುವುದೋ, ಅವನಿಗೇ ವಾಪಸ್ ಕೊಡುವುದೋ ಎಂಬ ಆಯ್ಕೆ ಎದುರಾಳಿಯದು. ಹೊಸಬರಿಗೆ ಗೊಂದಲ ತರುವ ನಿಯಮ ಇದೊಂದೇ. ಇನ್ನು ಮುಂದಿನ ಬ್ರೇಕ್ ಹಿಂದಿನ ಆಟ ಗೆದ್ದವನದೋ ಸರದಿಯ ಪ್ರಕಾರವೋ ಎಂಬುದನ್ನು ಆ ವರ್ಷದ ನಿಯಮದಲ್ಲಿ ನೋಡಿಕೊಂಡು ಹೋಗಿ.

ಎಲ್ಲಿ ಕೂರುವುದು, ಏನು ನೋಡುವುದು

ಒಳಗೆ ಹೋದ ಕೂಡಲೇ ಸಿಕ್ಕಿದ ಕುರ್ಚಿಯಲ್ಲಿ ಕೂರಬೇಡಿ. ಮೊದಲು ಆ ದಿನದ ಪಂದ್ಯಗಳ ಪಟ್ಟಿ ನೋಡಿ, ಯಾವ ಟೇಬಲ್‌ನಲ್ಲಿ ಯಾರು ಎಂದು ಫೋನ್‌ನಲ್ಲಿ ಗುರುತು ಹಾಕಿಕೊಳ್ಳಿ. ಮುಖ್ಯ ಟೇಬಲ್‌ನಲ್ಲಾದರೆ ಮುಂದಿನ ಸಾಲಿನ ಆಸೆ ಬಿಟ್ಟು ಎತ್ತರದ ಸಾಲಿನಲ್ಲಿ, ಟೇಬಲ್‌ನ ಮೂಲೆಗೆ ಓರೆಯಾಗಿ ಕೂತುಕೊಳ್ಳಿ. ತೀರಾ ಮುಂದೆ ಕೂತರೆ ಟೇಬಲ್ ಅಂಚು ಅಡ್ಡ ಬಂದು ಚೆಂಡುಗಳ ನಡುವಿನ ದೂರ ತಿಳಿಯುವುದಿಲ್ಲ. ಹೊರಗಿನ ಟೇಬಲ್‌ಗಳಲ್ಲಿ ಎತ್ತರದ ಸೀಟು ಇರುವುದು ಕಡಿಮೆ, ಅಲ್ಲಿ ನಿಂತು ನೋಡುವುದೇ ವಾಸಿ.

ಈಗ ಮುಖ್ಯ ಮಾತು. ಪಾಕೆಟ್‌ಗೆ ಹೋಗುವ ಚೆಂಡನ್ನು ನೋಡಬೇಡಿ, ಬಿಳಿ ಚೆಂಡನ್ನು ನೋಡಿ. ನಮ್ಮ ಕೇರಂನಲ್ಲಿ ಕಾಯಿ ಹಾಕಿದ ಮೇಲೆ ಸ್ಟ್ರೈಕರನ್ನು ಎತ್ತಿ ಮತ್ತೆ ಗೆರೆಯ ಮೇಲೆ ಇಟ್ಟುಕೊಳ್ಳುತ್ತೇವೆ. ಪೂಲ್‌ನಲ್ಲಿ ಆ ಅನುಕೂಲ ಇಲ್ಲ. ಬಿಳಿ ಚೆಂಡು ನಿಂತಲ್ಲಿಂದಲೇ ಮುಂದಿನ ಹೊಡೆತ. ಹಾಗಾಗಿ 3ನೇ ಚೆಂಡು ಹಾಕುವಾಗ ಆಟಗಾರನ ತಲೆಯಲ್ಲಿರುವುದು 4 ಮತ್ತು 5. ಪ್ರತಿ ಹೊಡೆತಕ್ಕೂ ಮೊದಲು ನೀವೇ ಮನಸ್ಸಿನಲ್ಲಿ ಒಂದು ಜಾಗ ಗುರುತಿಸಿ: ಬಿಳಿ ಎಲ್ಲಿ ನಿಲ್ಲಬೇಕು? ನಿಮ್ಮ ಊಹೆಗೂ ಅದು ನಿಂತ ಜಾಗಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಸಂಜೆಯ ಹೊತ್ತಿಗೆ ಆ ವ್ಯತ್ಯಾಸ ಕಡಿಮೆಯಾಗುತ್ತಾ ಬಂದರೆ ನಿಮಗೆ ಆಟ ಹತ್ತುತ್ತಿದೆ ಎಂದು ಅರ್ಥ.

ಟೇಬಲ್ ಬಳಿ ನಿಂತು ನೋಡಲೇಬೇಕಾದದ್ದು ಸೇಫ್ಟಿ ಆಟ, ಅಂದರೆ ಚೆಂಡು ಹಾಕುವ ಬದಲು ಎದುರಾಳಿಯ ದಾರಿ ಮುಚ್ಚುವ ಆಟ. 2ನೇ ಚೆಂಡಿಗೆ ದಾರಿ ಇಲ್ಲ ಎಂದಿಟ್ಟುಕೊಳ್ಳಿ. ಆಟಗಾರ ಒಮ್ಮೆ ಟೇಬಲ್ ಸುತ್ತ ಬರುತ್ತಾನೆ, 7ರ ಹಿಂದೆ ಬಗ್ಗಿ ನೋಡುತ್ತಾನೆ, ವಾಪಸ್ ಬಂದು ಬಿಳಿಯಿಂದ 2ನ್ನು ಸವರಿದಂತೆ ತಾಗಿಸುತ್ತಾನೆ. 2 ಉರುಳಿ ಆಚೆ ತುದಿಯ ರಬ್ಬರ್ ಅಂಚಿಗೆ, ಅಂದರೆ ಕುಶನ್‌ಗೆ ಹೋಗುತ್ತದೆ. ಬಿಳಿ ನಿಧಾನವಾಗಿ ತೆವಳಿ ಬಂದು 7ರ ಬೆನ್ನಿಗೆ ಒರಗಿ ನಿಲ್ಲುತ್ತದೆ. ಯಾವ ಚೆಂಡೂ ಪಾಕೆಟ್‌ಗೆ ಬಿದ್ದಿಲ್ಲ, ಆದರೂ ತಿಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಈಗ ಎದುರಾಳಿ ಏಳುತ್ತಾನೆ. ಎರಡು ಕುಶನ್‌ಗೆ ಬಡಿಸಿ 2ನ್ನು ಹುಡುಕುವುದೋ, ಚೀಲದಿಂದ ಗಿಡ್ಡನೆಯ ಜಂಪ್ ಕ್ಯೂ ತೆಗೆದು ಬಿಳಿಯನ್ನು 7ರ ಮೇಲಿಂದ ಹಾರಿಸುವುದೋ? ಅವನ ಕೈ ಚೀಲದ ಕಡೆ ಹೋಗುತ್ತದೋ ಇಲ್ಲವೋ ಎಂಬುದನ್ನೇ ಗಮನಿಸಿ. ಟಿ.ವಿ.ಯಲ್ಲಿ ಈ ಅರ್ಧ ನಿಮಿಷಕ್ಕೆ ಹಳೆಯ ಹೊಡೆತದ ರೀಪ್ಲೇ ಹಾಕಿಬಿಡುತ್ತಾರೆ.

ಕುಳಿತಿರುವ ಆಟಗಾರನ ಕಡೆಗೂ ಕಣ್ಣಿರಲಿ. ಪೂಲ್‌ನಲ್ಲಿ ಎದುರಾಳಿ ಟೇಬಲ್ ಖಾಲಿ ಮಾಡುತ್ತಾ ಹೋದರೆ ಕುರ್ಚಿಯಲ್ಲಿದ್ದವನು ಮಾಡಬಹುದಾದದ್ದು ಏನೂ ಇಲ್ಲ. 2021ರ ಫೈನಲ್‌ನಲ್ಲಿ ಸಿಂಗಪುರದ ಅಲೋಶಿಯಸ್ ಯಾಪ್ 8-3ರಿಂದ ಮುಂದಿದ್ದರು. ಫಿಲಿಪೀನ್ಸ್‌ನ ಕಾರ್ಲೊ ಬಿಯಾಡೊ ಅಲ್ಲಿಂದ ಸತತ ಹತ್ತು ರ್‍ಯಾಕ್ ಗೆದ್ದು 13-8ಕ್ಕೆ ಮುಗಿಸಿದರು. ಆ ಹತ್ತು ರ್‍ಯಾಕ್‌ಗಳ ಹೊತ್ತು ಯಾಪ್ ಮುಖ ನೋಡಿದವರು ಅದನ್ನು ಮರೆಯಲಾರರು. ಅದೇ ಯಾಪ್ 2025ರಲ್ಲಿ ಅದೇ ಊರಿನಲ್ಲಿ ಪ್ರಶಸ್ತಿ ಎತ್ತಿದರು.

ನಡವಳಿಕೆ

ಆಟಗಾರ ಬಗ್ಗಿದಾಗ ಅವನ ನೇರಕ್ಕೆ ಕೂತಿದ್ದರೆ ಅಲುಗಾಡಬೇಡಿ. ಅವನ ಕಣ್ಣು ಚೆಂಡಿನ ಮೇಲಿದ್ದರೂ ಅದರ ಹಿಂದೆ ಅಲ್ಲಾಡುವ ಕೈ ಅವನಿಗೆ ಕಾಣುತ್ತದೆ. ಏಳುವುದು, ಜಾಗ ಬದಲಿಸುವುದು ಎಲ್ಲ ರ್‍ಯಾಕ್ ಮುಗಿದು ಚೆಂಡು ಜೋಡಿಸುವಾಗ. ಫೋನ್ ಸೈಲೆಂಟ್, ಫೋಟೊಗೆ ಫ್ಲ್ಯಾಶ್ ಬೇಡ. ಇಷ್ಟು ಪಾಲಿಸಿದರೆ ಸಾಕು, ಸ್ನೂಕರ್ ಹಾಲ್‌ನ ಕಟ್ಟುನಿಟ್ಟು ಮೌನ ಇಲ್ಲಿಲ್ಲ. ಹಾಲ್‌ನಲ್ಲಿ ಸದಾ ಒಂದು ಗುಜುಗುಜು, ದೂರದಲ್ಲಿ ಯಾರದೋ ಬ್ರೇಕ್‌ನ ಸಿಡಿತ. ಐದು ಸಲ ಈ ಪ್ರಶಸ್ತಿ ಗೆದ್ದಿರುವ ಶೇನ್ ವ್ಯಾನ್ ಬೋನಿಂಗ್‌ಗೆ ಹುಟ್ಟಿನಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಆಡುವಾಗ ಶ್ರವಣಯಂತ್ರವನ್ನು ಆಫ್ ಮಾಡಿಕೊಳ್ಳುವುದು ಅವರ ರೂಢಿ. ಉಳಿದವರಿಗೆ ಆ ಸೌಲಭ್ಯ ಇಲ್ಲ ಎಂಬುದು ನೆನಪಿರಲಿ.

ಹೊರಗಿನ ಟೇಬಲ್‌ಗಳಲ್ಲಿ ಪ್ರತಿಯೊಂದಕ್ಕೂ ರೆಫರಿ ಇರುವುದಿಲ್ಲ. ಆಟಗಾರರೇ ತಮ್ಮ ಫೌಲ್ ಒಪ್ಪಿಕೊಂಡು ಆಡುತ್ತಾರೆ, ಸಂಶಯದ ಹೊಡೆತ ಬಂದರೆ ಕೈಯೆತ್ತಿ ರೆಫರಿಯನ್ನು ಕರೆಯುತ್ತಾರೆ. ಆಗ ನೀವು ಎಷ್ಟು ಹತ್ತಿರ ನಿಂತಿದ್ದರೂ, ತಾಗಿತೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಕಂಡಿದ್ದರೂ ಬಾಯಿ ಬಿಡಬೇಡಿ. ಪ್ರೇಕ್ಷಕರ ಸಾಕ್ಷಿ ಇಬ್ಬರು ಆಟಗಾರರಿಗೂ ಬೇಡದ ತಲೆನೋವು.

ಮಾತಾಡುವ ಆಸೆ ಇದ್ದರೆ ಅದಕ್ಕೂ ಜಾಗ ಇದೆ. ಪಂದ್ಯ ಮುಗಿದು ಕ್ಯೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡ ಮೇಲೆ ಹೆಚ್ಚಿನ ಆಟಗಾರರು ನಿಂತು ಮಾತಾಡುತ್ತಾರೆ, ಫೋಟೊಗೂ ಒಪ್ಪುತ್ತಾರೆ. ಸೋತವನಿಗೆ ಮಾತ್ರ ಅರ್ಧ ಗಂಟೆ ಬಿಡುವು ಕೊಡಿ. ‘ಒಳ್ಳೆಯ ಆಟ’ ಎನ್ನುವ ಬದಲು ನೀವು ನೋಡಿದ ಒಂದು ನಿರ್ದಿಷ್ಟ ಹೊಡೆತದ ಬಗ್ಗೆ ಕೇಳಿ, ‘ಆ 6ನೇ ಚೆಂಡಿಗೆ ಜಂಪ್ ಯಾಕೆ ಮಾಡಲಿಲ್ಲ?’ ಎಂದು. ಕೆಲವರು ಖಾಲಿ ಟೇಬಲ್ ಮೇಲೆ ಬೆರಳಲ್ಲೇ ದಾರಿ ಎಳೆದು ತೋರಿಸಿಯೇ ಬಿಡುತ್ತಾರೆ.

ಫೈನಲ್‌ಗೂ ಹೋಗುವವರಿಗೆ ಒಂದು ಮಾತು. 13 ರ್‍ಯಾಕ್‌ನ ಪಂದ್ಯ ಯಾವಾಗ ಮುಗಿಯುತ್ತದೆ ಎಂದು ಯಾರೂ ಹೇಳಲಾರರು, ಬಿಗಿಯಾದ ಪಂದ್ಯವಾದರೆ ರಾತ್ರಿ ಬಹಳ ಹೊತ್ತಾಗಬಹುದು. ಫಿಲಡೆಲ್ಫಿಯಾಕ್ಕೆ ಕೊನೆಯ ರೈಲಿನ ಸಮಯ ಬರೆದಿಟ್ಟುಕೊಳ್ಳಿ, ಇಲ್ಲವೇ ಊರಿನಲ್ಲೇ ಒಂದು ರೂಮ್ ಹಿಡಿಯಿರಿ. ಶನಿವಾರ ರಾತ್ರಿಯ ಬಾಡಿಗೆ ವಾರದ ದಿನಗಳಿಗಿಂತ ಜಾಸ್ತಿ, ಅದರ ಮೇಲೆ ರೆಸಾರ್ಟ್ ಶುಲ್ಕ ಬೇರೆ. ಬುಕ್ ಮಾಡುವಾಗ ಕೊನೆಯ ಮೊತ್ತ ನೋಡಿಯೇ ಹಣ ಕಟ್ಟಿ.