ಮಾಸ್ಟರಿಂಗ್‌ಗೆ ಹಣ ತೆರುವ ಮುನ್ನ

ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಮುಗಿದೊಡನೆ ಸ್ವತಂತ್ರ ಸಂಗೀತಗಾರರನ್ನು ಒಂದು ಪ್ರಶ್ನೆ ಕಾಡುತ್ತದೆ: ಮಾಸ್ಟರಿಂಗ್ ಅನ್ನು, ಅಂದರೆ ಬೆರೆತ ಹಾಡಿಗೆ ಬಿಡುಗಡೆಗೆ ಮುನ್ನ ಕೊಡುವ ಕೊನೆಯ ಹದವನ್ನು, ವೃತ್ತಿಪರರಿಗೆ ಒಪ್ಪಿಸಬೇಕೇ ಅಥವಾ ತಾವೇ ಮಾಡಿಕೊಳ್ಳಬಹುದೇ? ಅದನ್ನು ನಿರ್ಧರಿಸುವ ಮೊದಲು ಮಿಕ್ಸ್ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಮಾಸ್ಟರಿಂಗ್ ಮಾಡುವವರ ಕೈಗೆ ಸಾಮಾನ್ಯವಾಗಿ ಸಿಗುವುದು ದನಿ, ವಾದ್ಯಗಳೆಲ್ಲ ಬೆರೆತ ಒಂದೇ ಸ್ಟೀರಿಯೊ ಫೈಲ್. ಗಿಟಾರಿನಡಿ ಹೂತುಹೋದ ದನಿಯನ್ನು, ಆವರ್ತನಗಳನ್ನು ಏರಿಸಿ ಇಳಿಸುವ ಈಕ್ವಲೈಸರ್‌ನಿಂದ ಎತ್ತಲು ಹೊರಟರೆ ಅದೇ ಆವರ್ತನದಲ್ಲಿರುವ ಗಿಟಾರೂ ಜೊತೆಗೆ ಮೇಲೇಳುತ್ತದೆ. ಹಣ ಕಡಿಮೆಯಿದ್ದರೆ ಅದನ್ನು ಮಿಕ್ಸಿಂಗ್‌ಗೆ ವಿನಿಯೋಗಿಸುವುದೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ.

ಕೆಲವು ದಿನ ಹಾಡನ್ನು ಕೇಳದೆ ಬಿಟ್ಟು, ಆಮೇಲೆ ಇಯರ್‌ಫೋನ್, ಮೊಬೈಲ್ ಮತ್ತು ಕಾರಿನ ಸ್ಪೀಕರ್‌ಗಳಲ್ಲಿ, ಒಮ್ಮೆ ಎಡಬಲ ಒಂದಾದ ಮೋನೊದಲ್ಲಿಯೂ ಆಲಿಸಿರಿ. ಅದೇ ಬಗೆಯ, ನಿಮಗೆ ಮೆಚ್ಚುಗೆಯಾದ ಇನ್ನೊಂದು ಹಾಡಿನೊಂದಿಗೆ ಹೋಲಿಸುವಾಗ ಎರಡರ ಗಟ್ಟಿತನವನ್ನೂ ಸಮ ಮಾಡಿಕೊಳ್ಳಬೇಕು, ಏಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಈ ಪರೀಕ್ಷೆಗಳಲ್ಲಿ ನಿಂತ, ಸ್ಟ್ರೀಮಿಂಗ್‌ಗಷ್ಟೇ ಹೋಗುವ ಒಂಟಿ ಹಾಡನ್ನು ನೀವೇ ಮಾಸ್ಟರ್ ಮಾಡಬಹುದು. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಮಟ್ಟಕ್ಕೆ ಹೊಂದಿಸಿ ನುಡಿಸುತ್ತದೆ. ಶಬ್ದದ ಶಿಖರಗಳನ್ನು ತಡೆಹಿಡಿಯುವ ಲಿಮಿಟರ್‌ನಿಂದ ಹಿಂಡಿ ಮೈನಸ್ 8ಕ್ಕೆ ಏರಿಸಿದ ಹಾಡನ್ನು ಅದು 6 ಡೆಸಿಬಲ್ ಇಳಿಸುತ್ತದೆ, ಆದರೆ ಹಿಂಡುವಾಗ ಮಡಿದ ಡ್ರಮ್ ಪೆಟ್ಟಿನ ಬಿರುಸು ಮರಳುವುದಿಲ್ಲ. ಟ್ರೂ ಪೀಕ್, ಅಂದರೆ ನುಡಿಸುವಾಗ ಶಬ್ದ ಮುಟ್ಟುವ ನಿಜವಾದ ತುತ್ತತುದಿ, ಮೈನಸ್ 1 ಡೆಸಿಬಲ್ ದಾಟದಿರಲಿ.

ವೃತ್ತಿಪರರು ಕೊಡುವ ಅತಿ ಬೆಲೆಯುಳ್ಳ ವಸ್ತು ಉಪಕರಣವಲ್ಲ. ಆ ಹಾಡನ್ನು ನೂರು ಸಲ ಕೇಳಿ ದಣಿದಿರದ ಹೊಸ ಕಿವಿ ಮತ್ತು ತಗ್ಗು ಸ್ವರಗಳನ್ನು ಉಬ್ಬಿಸದ, ನುಂಗದ ಕೋಣೆ. ಮಲಗುವ ಕೋಣೆಯಲ್ಲಿ ಮಿಕ್ಸ್ ಮಾಡಿದವರು ಇದನ್ನು ಹಗುರವಾಗಿ ಕಾಣಬಾರದು. ಬೇರೆ ಬೇರೆ ತಿಂಗಳುಗಳಲ್ಲಿ, ಬೇರೆ ಬೇರೆ ಕಡೆ ಮುದ್ರಿಸಿದ ಹಾಡುಗಳು ಒಂದೇ ಆಲ್ಬಮ್ಮಿನವು ಎನಿಸಬೇಕಾದಾಗ ಈ ಖರ್ಚು ಸಾರ್ಥಕ. ವಿನೈಲ್ ತಟ್ಟೆಗಂತೂ ಅನುಭವಿಗಳೇ ಬೇಕು: ಎಡಬಲಕ್ಕೆ ಹರಡಿದ ಬಾಸ್ ಸೂಜಿಯನ್ನು ಜಿಗಿಸಬಹುದು, ‘ಸ’ಕಾರದ ತೀಕ್ಷ್ಣತೆ ಒಳಸುತ್ತುಗಳಲ್ಲಿ ಕರ್ಕಶವಾಗಬಹುದು.

ಕಳುಹಿಸುವುದಾದರೆ ಎಲ್ಲ ಟ್ರ್ಯಾಕುಗಳೂ ಕೂಡುವ ಮಾಸ್ಟರ್ ಬಸ್ಸಿನ ಲಿಮಿಟರ್ ತೆಗೆದು, ಪೀಕ್‌ಗಳನ್ನು ಮೈನಸ್ 3 ಡೆಸಿಬಲ್‌ಗಿಂತ ಕೆಳಗಿರಿಸಿ, 24 ಬಿಟ್ ವೇವ್ (WAV) ಫೈಲ್ ಕೊಡಿ, ಎಂಪಿ3 ಬೇಡ. ಎಷ್ಟು ಸಲ ತಿದ್ದಿಕೊಡುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಮರಳಿ ಬಂದ ಫೈಲನ್ನು ನಿಮ್ಮ ಮಿಕ್ಸಿನಷ್ಟೇ ಗಟ್ಟಿತನಕ್ಕೆ ಇಳಿಸಿ ಕೇಳಿ, ಆಗಲೂ ಮೇಲೆನಿಸದಿದ್ದರೆ ಸಂಕೋಚವಿಲ್ಲದೆ ತಿದ್ದುಪಡಿ ಕೇಳಿರಿ.